ಗೊಬ್ಬರದಂಗಡಿಗೆ ಹೋದ ಕರೆಗಳು

ವಾದ ಗೆಲ್ಲುವುದಕ್ಕೂ ಮನೆಯಲ್ಲಿ ನೆಮ್ಮದಿಯಾಗಿರುವುದಕ್ಕೂ ಸಂಬಂಧವಿಲ್ಲವೆಂದು ಯಾವ ಚರ್ಚಾಸ್ಪರ್ಧೆಯಲ್ಲೂ ಹೇಳಿಕೊಡುವುದಿಲ್ಲ. ಕೊಪ್ಪಳದ ಕಾಲೇಜಿನಲ್ಲಿ ನಾನು ಗೆದ್ದು ತಂದ ಸ್ಟೀಲಿನ ಪರಾತಗಳೂ ಗೋಡೆ ಗಡಿಯಾರಗಳೂ ನಮ್ಮ ಭಾಗ್ಯನಗರದ ಮನೆಯಲ್ಲಿವೆ. ಪರಾತದಲ್ಲಿ ಅವ್ವ ಹಿಟ್ಟು ನಾದುತ್ತಾಳೆ. ಗಡಿಯಾರಗಳು ನಿಂತು ಹೋಗಿವೆ. ನಾನು ಮಾತ್ರ ನಿಂತಿಲ್ಲ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ, ಮೊಬೈಲ್ ಕಂಪನಿಗಳು ನಮ್ಮ ಕರೆಗಳ ದಾಖಲೆಯನ್ನು ವರ್ಷಗಟ್ಟಲೆ ಕೂಡಿಡುವ ವಿಷಯ ಎತ್ತಿದೆ. ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರಿನ ಆಸುಪಾಸಿನಿಂದ ಎಂಬುದೆಲ್ಲ ಅದರಲ್ಲಿರುತ್ತದೆ ಎಂದೆ. ಅಪ್ಪ ರೊಟ್ಟಿ ಮುರಿಯುತ್ತ, "ಇಟ್ಕೊಳ್ಳಲಿ ಬಿಡಪಾ. ಮಾತಾಡಿದ್ದಂತೂ ಇಡಂಗಿಲ್ಲಲಾ? ಬರೇ ನಂಬರ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ತಾರೇನು?" ಎಂದ.

ಎದುರಾಳಿ ಹೀಗೆ ಬಾಗಿಲು ತೆರೆದಿಟ್ಟ ಮೇಲೆ ಒಳನುಗ್ಗದೆ ಇರಲಾದೀತೆ? "ಮಾತು ಬ್ಯಾಡೇ ಬ್ಯಾಡ, ಬರೇ ನಂಬರ್ ನೋಡಿ ಮನಶ್ಯಾನ್ನ ಓದಿ ತೋರಸ್ತೀನಿ" ಎಂದು ಅಪ್ಪನ ಫೋನನ್ನೇ ಕೈಗೆತ್ತಿಕೊಂಡು ಕರೆಗಳ ಪಟ್ಟಿ ತೆರೆದೆ. ಅಪ್ಪನ ಕೈಯ ತುತ್ತು ಅರ್ಧದಲ್ಲೇ ನಿಂತಿದ್ದನ್ನು ನಾನು ಗಮನಿಸಬೇಕಿತ್ತು. "ಯವ್ವಾ, ಇಲ್ಲಿ ನೋಡು, ‘ಗೊಬ್ಬರದಂಗಡಿ’. ದಿನಾ ಮುಂಜಾನಿ ಆರೂಕಾಲಿಗೆ, ಅಪ್ಪ ವಾಕಿಂಗ್ ಹೋದಾಗ, ಇಪ್ಪತ್ತು ನಿಮಿಷ. ಅಂಗಡಿ ತೆಗಿಯೂದು ಒಂಬತ್ತಕ್ಕ. ಹೊಲದಾಗ ಈಗ ಬೆಳೀನೂ ಇಲ್ಲ. ಅಂದ್ರ ಇದು ಗೊಬ್ಬರದಂಗಡಿ ಅಲ್ಲ!"

ತರ್ಕದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. "ಮತ್ತ ಯಾರ್ರೀ ಅದು?" ಎಂದು ಅವ್ವ ಅಪ್ಪನನ್ನು ಕೇಳಿದಳು. ಆ ‘ರೀ’ಯಲ್ಲಿ ಗೌರವ ಲವಲೇಶವೂ ಇರಲಿಲ್ಲ. ಮೂವತ್ತು ವರ್ಷದ ಸಂಸಾರ ನನ್ನ ಒಂದು ಉದಾಹರಣೆಗೆ ಜೋತುಬಿದ್ದಿತ್ತು. ಅವ್ವ ಫೋನ್ ಕಸಿದುಕೊಂಡು ಆ ನಂಬರಿಗೇ ಹಚ್ಚಿ ಸ್ಪೀಕರ್ ಒತ್ತಿದಳು.

"ಹೇಳಣ್ಣಾ. ವೈನಿ ಬಾಜೂಕ ಇಲ್ಲಲಾ?"

ಯಲಬುರ್ಗಾದ ಕಾಕಾ, ಅಪ್ಪನ ತಮ್ಮ! ಎರಡು ವರ್ಷದ ಹಿಂದೆ ಅವನು ಅವ್ವನ ರೊಟ್ಟಿ ನೋಡಿ "ಇದರಾಗ ಚಪ್ಪಲಿ ಹೊಲಿಸಬೌದು" ಎಂದು ನಕ್ಕಿದ್ದ. ತಪ್ಪಾಯಿತು ಎನ್ನುವ ತನಕ ಈ ಮನೆಯವರು ಯಾರೂ ಅವನ ಕೂಡ ಮಾತಾಡಬಾರದೆಂದು ಅವ್ವ ಆಣೆ ಹಾಕಿದ್ದಳು. ಆ ಆಣೆಯನ್ನು ಇಷ್ಟು ದಿನ ನಿಷ್ಠೆಯಿಂದ ಪಾಲಿಸಿದ ದಡ್ಡ ನಾನೆಂದು ಆಗ ತಿಳಿಯಿತು.

"ಯೂರಿಯಾ ಬಂದೈತೇನ್ರೀ?" ಎಂದಳು ಅವ್ವ.

ಆ ಕಡೆಯಿಂದ ಕಾಕಾನ ಸಣ್ಣ ದನಿ: "ಬಂದಿಲ್ರಿ ವೈನಿ... ಅವತ್ತಿನ ರೊಟ್ಟಿ ಛಲೋನ ಇದ್ವು. ನನ್ನ ಹಲ್ಲ ಸರಿ ಇದ್ದಿಲ್ಲ."

"ಈಗ ಹೆಂಗದಾವು ಹಲ್ಲು?"

"ಎರಡು ಕೀಳಿಸೀನ್ರಿ."

"ಹಂಗಾರ ಐತವಾರ ಉಣ್ಣಾಕ ಬಾ. ರೊಟ್ಟಿ ತೆಳ್ಳಗ ಬಡೀತೀನಿ" ಎಂದು ಫೋನಿಟ್ಟವಳು ಅಪ್ಪನ ಕಡೆ ತಿರುಗಿ, "ನಿಮ್ದು ಆಮ್ಯಾಲೆ" ಎಂದಳು.

ಐತವಾರ ಕಾಕಾ ಬಂದು, ನಾಲ್ಕು ರೊಟ್ಟಿ ತಿಂದು, ಎರಡು ಕಟ್ಟಿಸಿಕೊಂಡೂ ಹೋದ. ವಾದವನ್ನಂತೂ ನಾನೇ ಗೆದ್ದೆ. ಬರೀ ನಂಬರುಗಳು ಮನುಷ್ಯನನ್ನು ಬಯಲಿಗೆಳೆಯಬಲ್ಲವೆಂದು ನಮ್ಮ ಮನೆ ಈಗ ಒಕ್ಕೊರಲಿನಿಂದ ಒಪ್ಪುತ್ತದೆ. ಅಪ್ಪ ಫೋನಿಗೆ ಲಾಕ್ ಹಾಕಿಸಿದ್ದಾನೆ. ಅದರ ನಂಬರು ಅವ್ವನಿಗೆ ಗೊತ್ತು, ಕಾಕಾನಿಗೂ ಗೊತ್ತು. ನಾನು ಅಡುಗೆಮನೆಗೆ ಕಾಲಿಟ್ಟರೆ ಫೋನುಗಳೆಲ್ಲ ಮಗುಚಿ ಮಲಗುತ್ತವೆ. ಅಂಜಬೇಕಾದದ್ದು ನನಗಲ್ಲ, ಕಂಪನಿಗೆ ಎಂದು ಮೊನ್ನೆ ಮತ್ತೆ ವಾದ ಹೂಡಿದೆ. ಅವ್ವ ಹಿಟ್ಟು ನಾದುತ್ತಲೇ ಹೇಳಿದಳು: "ಕಂಪನ್ಯಾರು ಇಟ್ಕೊಂಡ್ರ ಇಟ್ಕೊಳ್ಳಲಿ ಬಿಡೋ. ಅವ್ರೇನು ಉಣ್ಣಾಕ ಕುಂತಾಗ ಓದಿ ಹೇಳಂಗಿಲ್ಲ."