ಹಿತ್ತಿಲಲ್ಲಿ ಇನ್ನೊಂದು ಮನೆ

ನೀಲಗಂಗಮ್ಮ: ಮಾವನೋರ ಪಟದ ಗಾಜೆಲ್ಲಿ ಅಂತ ಕೇಳ್ತಿದೀನಿ.

ಷಡಕ್ಷರಯ್ಯ: ಪಟ ಅಲ್ಲೇ ಇದೆಯಲ್ಲೇ.

ನೀಲಗಂಗಮ್ಮ: ಪಟ ಇದೆ. ಗಾಜಿಲ್ಲ. ಮಾವನೋರ ಮೂಗಿನ ಮೇಲೆ ನೊಣ ಕೂತಿದೆ.

ಷಡಕ್ಷರಯ್ಯ: ಬದುಕಿದ್ದಾಗ್ಲೂ ಕೂರ್ತಿತ್ತು. ಓಡುಸ್ಕೊಳ್ಳೋರು.

ನೀಲಗಂಗಮ್ಮ: ಈಗ ಹೆಂಗೆ ಓಡುಸ್ಕೋತಾರೆ?

ಷಡಕ್ಷರಯ್ಯ: ಪಡುವಲ ಕಡೆಗೆ ಒಂದೇ ಒಂದು ಗಾಜು ಕಮ್ಮಿ ಬಿದ್ದಿತ್ತು ಕಣೇ. ಅಲ್ಲಿಂದ ಗಾಳಿ ನುಗ್ಗಿದ್ರೆ ಗಿಡ್ಡಮ್ಮಗಳ ಗತಿ ಏನು?

ಷಡಕ್ಷರಯ್ಯನವರು ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಆ ವರ್ಷ, ಅಂದರೆ ಸಾವಿರದ ಒಂಬೈನೂರ ನಲವತ್ಮೂರರಲ್ಲಿ, ದಸರಾ ಕಳೆಯುತ್ತಲೇ ಬೆಂಗಳೂರಿನಿಂದ ಅಂಚೆಯಲ್ಲಿ ಗಿಡ್ಡ ಜಾತಿಯ ಟಮಾಟೆ ಬೀಜ ತರಿಸಿದ್ದರು. ಗಿಡ ಮೊಳಕಾಲೆತ್ತರಕ್ಕೆ ನಿಂತುಬಿಡುತ್ತದೆ, ಬೆಚ್ಚಗಿಟ್ಟರೆ ಚಳಿಗಾಲದಲ್ಲೂ ಕಾಯಿ ಬಿಡುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚಾಗಿತ್ತು. ಬೆಚ್ಚಗಿಡಲು ಗಾಜಿನ ಮನೆ ಬೇಕು. ಯುದ್ಧದ ಕಾಲ, ಅಂಗಡಿಯಲ್ಲಿ ಗಾಜಿಲ್ಲ. ಹಾಗಾಗಿ ಮನೆಯ ಗಾಜೆಲ್ಲ ಒಂದೊಂದಾಗಿ ಹಿತ್ತಿಲಿಗೆ ನಡೆಯಿತು. ಮೊದಲು ಬೀರುವಿನದು, ಆಮೇಲೆ ನಡುಮನೆಯ ಕಿಟಕಿಯದು, ನಿನ್ನೆ ಮಾವನವರದು.

ನೀಲಗಂಗಮ್ಮ: ನನ್ನ ಉಣ್ಣೆ ಶಾಲು ಇವತ್ತೂ ಹೋಯ್ತಾ?

ಷಡಕ್ಷರಯ್ಯ: ಬೆಳಗ್ಗೆ ಮಂಜು ಬಿತ್ತಲ್ಲ, ಅವಕ್ಕೆ ಹೊದಿಸ್ದೆ.

ನೀಲಗಂಗಮ್ಮ: ಮಂಜು ನನ್ನ ಮೇಲೆ ಬೀಳಲ್ವಾ?

ಷಡಕ್ಷರಯ್ಯ: ನಿಂಗೆ ಅಡುಗೆಮನೆ ಒಲೆ ಇದೆ. ಅವಕ್ಕೆ ನನ್ನ ಬಿಟ್ರೆ ಯಾರಿದಾರೆ ನೀಲಾ?

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಈ ಮಾತು ನಾಟಿತು. ಆದರೂ ಆಕೆ ಬಾಯಿ ಮಾಡಲಿಲ್ಲ. ನಾಲ್ಕು ದಿನ ಮುಂಚೆಯೇ ಬಾಗೂರಿನ ತಮ್ಮ ನಂಜಯ್ಯನಿಗೆ ಕಾರ್ಡು ಹಾಕಿದ್ದಳು. ಕಾರ್ಡಿನಲ್ಲಿ ಜಾಗ ಎಷ್ಟಿರುತ್ತದೆ? ವಿವರ ಬಂದಾಗ ಹೇಳಿದರಾಯಿತು ಎಂದು ಮುಖ್ಯವಾದದ್ದನ್ನಷ್ಟೇ ಬರೆದಿದ್ದಳು: "ನಿನ್ನ ಭಾವ ಇನ್ನೊಂದು ಮನೆ ಮಾಡಿದ್ದಾರೆ. ಹಗಲೆಲ್ಲ ಅಲ್ಲೇ. ನನ್ನ ಶಾಲೂ ಅಲ್ಲಿಗೇ ಹೋಯಿತು. ಬಂದು ಬುದ್ಧಿ ಹೇಳು."

ಅಷ್ಟರಲ್ಲಿ ನಂಜಯ್ಯ ಬಂದೇಬಿಟ್ಟ. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬೆಳಗಿನ ಮೊದಲ ಬಸ್ಸಿನಲ್ಲಿ ಬಂದು ಮುಖವೆಲ್ಲ ಮಸಿಯಾಗಿತ್ತು. ಕೈಯಲ್ಲಿ ಬೆತ್ತವಿತ್ತು. "ನೀನು ಒಳಿಕ್ಕೋಗಕ್ಕ" ಎಂದು ಅಕ್ಕನನ್ನು ಅಡುಗೆಮನೆಗೆ ಕಳಿಸಿದ. ಆಕೆ ಒಲೆಯ ಮೇಲೆ ಹಾಲಿಟ್ಟು ಬಾಗಿಲ ಹಿಂದೆ ಕಿವಿಕೊಟ್ಟು ನಿಂತಳು. ಬೈಯುವವನು ಬಂದನಲ್ಲ ಎಂದು ಜೀವಕ್ಕೆ ಹಾಯೆನಿಸಿತು.

ನಂಜಯ್ಯ: ಭಾವ, ನೀವು ದೊಡ್ಡೋರು. ನಾನು ಕೇಳ್ಬಾರ್ದು. ಇನ್ನೊಂದು ಮನೆ ಮಾಡಿರೋದು ದಿಟವಾ?

ಷಡಕ್ಷರಯ್ಯ: ದಿಟ. ಬಾ ತೋರುಸ್ತೀನಿ.

ನಂಜಯ್ಯ: ನಂಗ್ಯಾಕ್ ತೋರುಸ್ತೀರಿ?

ಷಡಕ್ಷರಯ್ಯ: ಬಂದೋರಿಗೆಲ್ಲ ತೋರುಸ್ತೀನಪ್ಪ. ಮೊನ್ನೆ ಪೋಸ್ಟ್‌ಮಾಸ್ತರು ಹೆಂಡ್ತಿ ಮಕ್ಕಳ ಸಮೇತ ಬಂದು ನೋಡ್ಕೊಂಡು ಹೋದ್ರು.

ನಂಜಯ್ಯ ಬೆಂಚಿನ ಮೇಲೆ ಕುಳಿತ.

ನಂಜಯ್ಯ: ಎಲ್ಲೀದು ಅದು?

ಷಡಕ್ಷರಯ್ಯ: ಬೆಂಗಳೂರಿಂದು. ಅಂಚೇಲಿ ಬಂತು.

ಅಂಚೆ ಇಲಾಖೆ ಇಷ್ಟು ಮುಂದುವರಿದಿರುವುದು ನಂಜಯ್ಯನಿಗೆ ಗೊತ್ತಿರಲಿಲ್ಲ.

ನಂಜಯ್ಯ: ಎಸರೇನು?

ಷಡಕ್ಷರಯ್ಯ: ನಾನು ಗಿಡ್ಡಮ್ಮ ಅಂತೀನಿ. ಎಲ್ಲಕ್ಕೂ ಅದೇ ಹೆಸರು.

ನಂಜಯ್ಯ: ಎಲ್ಲಕ್ಕೂ ಅಂದ್ರೆ?

ಷಡಕ್ಷರಯ್ಯ: ಹನ್ನೆರಡಕ್ಕೂ.

ಬಾಗಿಲ ಹಿಂದೆ ನೀಲಗಂಗಮ್ಮನಿಗೆ ತಾನು ಬರೆದ ಕಾರ್ಡಿನ ಮೊದಲ ಸಾಲು ನೆನಪಾಯಿತು. ಹಾಲು ಉಕ್ಕುತ್ತಿದ್ದರೂ ಬಾಗಿಲಿಂದ ಕಿವಿ ತೆಗೆಯಲಿಲ್ಲ.

ನಂಜಯ್ಯ: ಅನ್ನೆರಡನ್ನೂ ಒಬ್ರೇ ಸಾಕ್ತಾ ಇದೀರಾ, ಈ ವಯಸ್ನಲ್ಲಿ?

ಷಡಕ್ಷರಯ್ಯ: ಮೂರು ಹೋದ್ವು. ಒಂಬತ್ತು ಉಳಿದವೆ.

ನಂಜಯ್ಯ: ಎಲ್ಲಿಗೋದ್ವು?

ಷಡಕ್ಷರಯ್ಯ: ಸತ್ವು ಕಣಪ್ಪ. ಚಳಿ ತಡೀಲಿಲ್ಲ. ಎಳೆದು ಗೊಬ್ಬರದ ಗುಂಡಿಗೆ ಹಾಕ್ದೆ.

ಬೆತ್ತ ಕೆಳಕ್ಕೆ ಬಿತ್ತು.

ನಂಜಯ್ಯ: ಪೋಲೀಸ್ನೋರಿಗೆ ಗೊತ್ತಾ?

ಷಡಕ್ಷರಯ್ಯ: ಗೊತ್ತು. ದಫೇದಾರ ನಂಗೂ ಒಂದು ಕೊಡಿ ಸಾ ಅಂತ ಹಿಂದೆ ಬಿದ್ದಿದಾನೆ. ನಾನು ಕೊಡಲ್ಲ ಅಂದೆ.

ನೀಲಗಂಗಮ್ಮ ಇನ್ನು ತಡೆಯಲಾರದೆ ಓಡಿಬಂದು ತಮ್ಮನ ರಟ್ಟೆ ಹಿಡಿದಳು.

ನೀಲಗಂಗಮ್ಮ: ಟಮಾಟೆ ಗಿಡ ಕಣೋ. ಟಮಾಟೆ.

ಹಿತ್ತಿಲಿಗೆ ಎಳೆದುಕೊಂಡು ಹೋಗಿ ತೋರಿಸಿದಳು. ಬಿದಿರಿನ ಚೌಕಟ್ಟು, ಅದಕ್ಕೆ ದೊಡ್ಡದು ಚಿಕ್ಕದು ಎನ್ನದೆ ಅಂಟಿಸಿದ ಗಾಜು. ಒಳಗೆ ಸೀಮೆಎಣ್ಣೆ ಡಬ್ಬಗಳಲ್ಲಿ ಒಂಬತ್ತು ಗಿಡ, ಅವುಗಳ ಮೇಲೆ ಆಕೆಯ ಶಾಲು, ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ. ಎಲ್ಲ ಸೇರಿ ಏಳು ಹಣ್ಣಿದ್ದವು. ನಂಜಯ್ಯ ಎರಡು ಸಲ ಎಣಿಸಿದ.

ನಂಜಯ್ಯ: ಅಕ್ಕ, ಟಮಾಟೆ ಅಂತ ಒಂದ್ಮಾತು ಬರೀಬಾರ್ದಾಗಿತ್ತಾ?

ನೀಲಗಂಗಮ್ಮ: ಕಾರ್ಡಲ್ಲಿ ಜಾಗ ಇರ್ಲಿಲ್ಲ ಕಣೋ.

ನಂಜಯ್ಯ: ನಾನು ಅದ್ನ ಊರ ಯಜಮಾನ್ರಿಗೆ ಓದ್ಬುಟ್ನಲ್ಲ. ಚಲುವಯ್ಯನೋರೂ ಇನ್ನೂ ನಾಕು ಜನಾನೂ ಅನ್ನೊಂದು ಗಂಟೆ ಬಸ್ಸಿಗೆ ನ್ಯಾಯ ಮಾಡಕ್ಕೆ ಬತ್ತಾವ್ರೆ.

ನೀಲಗಂಗಮ್ಮ: ಊಟ ಮಾಡ್ಕೊಂಡು ಬರ್ತಾರಾ?

ನಂಜಯ್ಯ: ಇಲ್ಲ. ಅಸ್ಕೊಂಡೇ ಬತ್ತಾರೆ.

ಸಂತೆ ನಾಳೆಗೆ. ಮನೆಯಲ್ಲಿ ಒಂದು ಬದನೆಕಾಯಿಯೂ ಇರಲಿಲ್ಲ. ನೀಲಗಂಗಮ್ಮನ ಕಣ್ಣು ಮೆಲ್ಲಗೆ ಗಾಜಿನ ಒಳಕ್ಕೆ ಹೋಯಿತು.

ನೀಲಗಂಗಮ್ಮ: ಏಳು ಹಣ್ಣಿವೆ. ಬೇಳೆ ಜಾಸ್ತಿ ಹಾಕಿ ಸಾರು ಮಾಡ್ತೀನಿ. ಇನ್ನೊಂದು ಮನೆ ಅಂದ್ರೆ ಏನು ಅಂತ ಅವರಿಗೂ ನಾಲಿಗೇಲೇ ತಿಳೀಲಿ.

ಷಡಕ್ಷರಯ್ಯನವರು ಓಡಿಹೋಗಿ ಗಾಜಿನ ಮನೆಯ ಬಾಗಿಲಿಗೆ ಎರಡೂ ಕೈ ಚಾಚಿ ನಿಂತರು. ಕಚೇರಿಯಿಂದ ನಿವೃತ್ತರಾದ ದಿನವೂ ಅವರ ಮುಖ ಅಷ್ಟು ಬಾಡಿರಲಿಲ್ಲ.

ಷಡಕ್ಷರಯ್ಯ: ಇವು ಸಂಕ್ರಾಂತಿಗೆ ಹಾಸನದ ಪ್ರದರ್ಶನಕ್ಕೆ ಹೋಗ್ಬೇಕಾದ್ದು. ಮುಟ್ಬೇಡ.

ನೀಲಗಂಗಮ್ಮ: ಅಷ್ಟು ದೂರದಿಂದ ಬಂದೋರ್ನ ಬರೀ ಗಿಡ ತೋರ್ಸಿ ಕಳ್ಸೋಕಾಗುತ್ತಾ? ಹಣ್ಣು ಕಂಡ್ರೆ ಒಂದೊಂದು ಕೊಡಿ ಅಂತಾರೆ, ಇಲ್ಲ ಅಂತೀರಾ?

ಷಡಕ್ಷರಯ್ಯನವರು ಗಾಜಿನ ಮನೆಯ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಎಳೆದರು.

ಷಡಕ್ಷರಯ್ಯ: ಹಂಗಾದ್ರೆ ಗಿಡ ತೋರ್ಸೋದೇ ಬೇಡ. ಒಪ್ಕೊಂಡ್ಬುಡ್ತೀನಿ.

ನೀಲಗಂಗಮ್ಮ: ಏನಂತ?

ಷಡಕ್ಷರಯ್ಯ: ಇನ್ನೊಂದು ಸಂಸಾರ ಇದೆ ಅಂತ.

ನಂಜಯ್ಯ: ಭಾವ, ಮಾನ ಓಯ್ತದೆ.

ಷಡಕ್ಷರಯ್ಯ: ಮಾನ ಹೋದ್ರೆ ಬರುತ್ತೆ ಕಣಯ್ಯ. ಹಣ್ಣು ಈ ಚಳೀಲಿ ಮತ್ತೆ ಬಿಡಲ್ಲ.

ಅಷ್ಟರಲ್ಲಿ ಹನ್ನೊಂದರ ಬಸ್ಸೂ ಬಂದಿತ್ತು. ಹೊರಗೆ ಜಗಲಿಯ ಮೇಲೆ ಕೆಮ್ಮು, ಚಪ್ಪಲಿಯ ಸದ್ದು. ಷಡಕ್ಷರಯ್ಯನವರು ಹೋದರು. ಮೊಳಕಾಲಿಗೆಲ್ಲ ಗೊಬ್ಬರ, ಬೋಳು ತಲೆಗೆ ಮಫ್ಲರು, ಮೇಲಿನ ಸಾಲಿನಲ್ಲಿ ಉಳಿದಿದ್ದ ಎರಡೇ ಹಲ್ಲು ಚಳಿಗೆ ಕಟಕಟ ಎನ್ನುತ್ತಿದ್ದವು. ಐದು ಜನರ ಎದುರು ಕೈಮುಗಿದರು.

ಷಡಕ್ಷರಯ್ಯ: ತಪ್ಪಾಗಿದೆ ಯಜಮಾನ್ರೆ. ಇನ್ನೊಂದು ಮನೆ ಮಾಡಿರೋದು ದಿಟ. ಕೇಳೋದೇನೂ ಉಳಿದಿಲ್ಲ, ಮುಂದಿನ ಬಸ್ಸಿಗೆ ಹೊರಡಿ.

ಚಲುವಯ್ಯ ಹಿರಿಯ ಮನುಷ್ಯ, ಎಂಥೆಂಥ ನ್ಯಾಯ ತೀರಿಸಿದವನು. ಅವರನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದ, ಮತ್ತೆ ಮುಡಿಯಿಂದ ಅಡಿಯವರೆಗೆ ನೋಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನೀಲಗಂಗಮ್ಮನ ಕಡೆ ತಿರುಗಿದ.

ಚಲುವಯ್ಯ: ನ್ಯಾಯ ಅಂಗಿರ್ಲಿ ಕಣವ್ವ. ಇವರ್ನೂ ಕಟ್ಕೊಂಡು ಬಾಳ್ತೀನಿ ಅಂದೋಳು ಒಬ್ಳು ಅವ್ಳಲ್ಲ, ಮದ್ಲು ಆ ಮಾತಾಯಿ ತೋರ್ಸು. ಕೈ ಮುಗುದು ಓಯ್ತೀವಿ.

ನೀಲಗಂಗಮ್ಮ ಸೆರಗು ಸರಿಮಾಡಿಕೊಂಡು ಹೊಸಿಲು ದಾಟಿ ಮುಂದೆ ಬಂದಳು.

ನೀಲಗಂಗಮ್ಮ: ಈ ಭೂಮಿ ಮೇಲೆ ಅಂಥೋಳು ಒಬ್ಳೇ ಯಜಮಾನ್ರೆ. ನಿಮ್ಮೆದುರಿಗೇ ನಿಂತಿದೀನಿ, ಮುಗೀರಿ.