ಗುರುಶಿದ್ದಪ್ಪನ ಕಿರುಬೆರಳ ದಿಗ್ವಿಜಯ

ಯಾವ ಯುಗದಲ್ಲಿ ನಾಡಿ ಹಿಡಿದು ನೋಡುವ ವೈದ್ಯರು ನಾಡಿನಿಂದ ಕಣ್ಮರೆಯಾಗಿ, ಅಂಗೈಯಗಲದ ಗಾಜಿನ ಫಲಕವೊಂದು ಕೇಳಿದವರಿಗೆಲ್ಲ ಕೇಳಿದಷ್ಟು ಮರಣಗಳನ್ನು ಹಂಚತೊಡಗಿತೋ, ಯಾವ ಯುಗದಲ್ಲಿ ಬೆಳಿಗ್ಗೆ ಸೀನಿದವನು ಸಂಜೆಯೊಳಗೆ ತನ್ನ ತಿಥಿಯೂಟಕ್ಕೆ ಯಾರನ್ನು ಕರೆಯಬಾರದೆಂದು ಯೋಚಿಸತೊಡಗಿದನೋ, ಆ ಮಹಾಭಯಂಕರವಾದ ಮೊಬೈಲ್ ಯುಗದಲ್ಲಿ, ಗದಗಿನ ಬಜಾರದೊಳಗೆ, ಗುರುಶಿದ್ದಪ್ಪ ಬಳಿಗಾರನೆಂಬ ವೀರನಿದ್ದನು. ಎಲೈ ವಾಗ್ದೇವಿಯೇ, ನಿನ್ನ ಕೈಬಳೆಗಳ ಮೇಲಾಣೆ, ಸ್ವಲ್ಪ ಹೊತ್ತು ನನ್ನ ನಾಲಿಗೆಯ ಮೇಲೆ ಕುಳಿತುಕೋ. ನಾನು ಹಾಡಹೊರಟಿರುವುದು ಆ ವೀರನ ಎಡಗೈಯ ಕಿರುಬೆರಳನ್ನು. ಬೆರಳು ಚಿಕ್ಕದು, ಬೇಗ ಮುಗಿಸುತ್ತೇನೆ.

ಸಕಲಸುಮಂಗಲೀಮಣಿಬಂಧಪರಿಮಾಣಜ್ಞನೂ, ಹರಿದ್ವರ್ಣಕಾಚಕಂಕಣಕಲಾಕೋವಿದನೂ ಆದ ಆ ಗುರುಶಿದ್ದಪ್ಪನು ಹಾದಿಯಲ್ಲಿ ಹೋಗುವ ಹೆಂಗಸಿನ ಮುಖ ನೋಡಿದವನಲ್ಲ. ಮುಂಗೈ ನೋಡಿ ಬಳೆಯ ಅಳತೆ ಹೇಳಿದವನು. ಮದುವಣಗಿತ್ತಿಯರ, ಬಸುರಿಯರ, ಮುಂಗೋಪದ ಅತ್ತೆಯರ ಕೈಗಳನ್ನು ಎಡಗೈಯಲ್ಲಿ ಹಿಡಿದು, ಗೆಣ್ಣುಗಳನ್ನು ಮೆಲ್ಲಗೆ ಮಡಿಸಿ, ಬಲಗೈಯಿಂದ ಗಾಜಿನ ಬಳೆಯನ್ನು ಚರ್ಮಕ್ಕೂ ತಿಳಿಯದಂತೆ ಏರಿಸುತ್ತಿದ್ದನು. ಆಗೆಲ್ಲ ಆತನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಂತ್ರ: "ಕೈ ಸಡ್ಲ ಬಿಡವ್ವಾ. ಬಿಗಿ ಹಿಡದ್ರ ಬಳಿ ಒಡೀತದ." ಇಡಿಸುವಾಗ ಒಡೆದ ಬಳೆ ಬಳೆಗಾರನ ನಷ್ಟವೆಂಬುದು ಪೇಟೆಯ ಧರ್ಮ. ಆ ಧರ್ಮದಿಂದ ನಷ್ಟಪಟ್ಟವನೆಂಬ ಅಪಕೀರ್ತಿ ಆತನಿಗೆ ಇರಲೇ ಇಲ್ಲ.

ಹೀಗಿರಲು ಒಂದು ಶ್ರಾವಣದ ಮಧ್ಯಾಹ್ನ, ಹುಲಕೋಟಿಯ ಹೆಣ್ಣುಮಗಳೊಬ್ಬಳ ಕೈಯನ್ನು ಹಿಡಿದಿದ್ದಾಗ, ಎಡಗೈಯ ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ಜೋಮು ಹಿಡಿಯಿತು. ಹಿಡಿತ ಸಡಿಲಾಯಿತು, ಬಳೆ ಓರೆಯಾಯಿತು, ಪಟ್ಟೆಂದಿತು. ಮರುದಿನ ಮತ್ತೊಂದು ಒಡೆಯಿತು. ಮೂರನೆಯ ಸಲ ಒಬ್ಬಾಕೆಯ ಮುಂಗೈಯಲ್ಲಿ ರಕ್ತದ ಗೆರೆ ಮೂಡಿದಾಗ, ಯಾರೂ ಏನೂ ಅನ್ನದಿದ್ದರೂ ವೀರನ ಮುಖ ಕಪ್ಪಿಟ್ಟಿತು. ಆ ಬೆರಳುಗಳೊಳಗೆ ಅಡಗಿ ಕುಳಿತ ಅಜ್ಞಾತನಾಮಧೇಯನಾದ ಅಸುರನು ಯಾರೆಂದು ಅರಿಯದೆ ಬಿಡೆನೆಂದು ಆತ ಪ್ರತಿಜ್ಞೆ ಮಾಡಿ, ಅಂಗಡಿಯ ಗಾಜಿನ ಪೆಟ್ಟಿಗೆಯ ಅಂಚಿಗೆ ಎಡಮೊಳಕೈ ಊರಿ, ಮೊಬೈಲನ್ನು ಕಣ್ಣೆದುರು ಎತ್ತಿ ಹಿಡಿದು, ತಪಸ್ಸಿಗೆ ಕುಳಿತನು.

ಮೊಬೈಲ್ ದೇವತೆ ಬೇಗ ಒಲಿಯುವ ದೇವತೆ. ಅದು ಮೊದಲು ಪಾರ್ಶ್ವವಾಯುವನ್ನು ತೋರಿಸಿತು. ಆಮೇಲೆ ಮೆದುಳಿನ ಗಡ್ಡೆಯನ್ನು ತೋರಿಸಿತು. ಆಮೇಲೆ ಒಂದೊಂದೇ ಸ್ನಾಯು ಒಣಗಿ ಕೊನೆಗೆ ಉಸಿರೂ ನಿಲ್ಲುವ ರೋಗವೊಂದನ್ನು ಬಣ್ಣದ ಚಿತ್ರಗಳ ಸಮೇತ ತೋರಿಸಿತು. ಗಿರಾಕಿ ಇಲ್ಲದ ಹೊತ್ತೆಲ್ಲ ಗುರುಶಿದ್ದಪ್ಪ ಓದಿದನು. ಗಿರಾಕಿ ಬಂದಾಗಲೂ ಓದಿದನು. ಓದಿದಷ್ಟೂ ಜೋಮು ಹೆಚ್ಚಾಯಿತು. ಎದೆ ಡವಗುಟ್ಟಿತು, ರೊಟ್ಟಿ ಗಂಟಲಲ್ಲಿ ಇಳಿಯದಾಯಿತು. ಕನ್ನಡಿಯ ಮುಂದೆ ನಾಲಿಗೆ ಚಾಚಿ ಅದು ನಡುಗುತ್ತಿದೆಯೇ ಎಂದು ನೋಡಿಕೊಂಡನು. ಚಾಚಿದ ನಾಲಿಗೆ ನಡುಗದೆ ಏನು ಮಾಡೀತು? ಆತನ ಧರ್ಮಪತ್ನಿ ಶಂಕ್ರವ್ವ ಬಂದಾಗೊಮ್ಮೆ ಹೋದಾಗೊಮ್ಮೆ ಅನ್ನುತ್ತಿದ್ದುದು ಒಂದೇ ಮಾತು: "ಆ ಮೊಳಕೈ ತಗೀರಿ, ಗಾಜ್ ಒಡದೀತು." ಮರಣದ ಹೊಸ್ತಿಲಲ್ಲಿ ನಿಂತವನಿಗೆ ಪೆಟ್ಟಿಗೆಯ ಗಾಜಿನ ಚಿಂತೆ ಹೇಳುವ ಹೆಂಡತಿಯನ್ನು ಪಡೆದ ತನ್ನ ಪ್ರಾರಬ್ಧಕ್ಕೆ ವೀರನು ನಿಟ್ಟುಸಿರುಬಿಟ್ಟನು.

ಇದೇ ಕಾಲದಲ್ಲಿ ಆತನ ಒಬ್ಬಳೇ ಮಗಳು ದಾಕ್ಷಾಯಣಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಮುಂದಿನ ತಿಂಗಳು ಅವಳ ಕುಬಸ. ಬಸುರಿಯನ್ನು ಕೂರಿಸಿ ಹಸಿರು ಬಳೆ ಇಡಿಸಿ ಆರತಿ ಮಾಡುವ ಆ ದಿನಕ್ಕೆ, ಊರಿನ ಅರ್ಧ ಬಸುರಿಯರಿಗೆ ಬಳೆ ಇಡಿಸಿದ ಗುರುಶಿದ್ದಪ್ಪ ತನ್ನ ಮಗಳಿಗೆ ಮಾತ್ರ ಬೆಟಗೇರಿಯಿಂದ ಬೇರೆ ಬಳೆಗಾರನನ್ನು ಕರೆಸಲು ಗುಟ್ಟಾಗಿ ಹೇಳಿಕಳಿಸಿದನು. ಗುಟ್ಟು ಸಂಜೆಯೊಳಗೆ ಮಗಳ ಕಿವಿಗೆ ಬಿತ್ತು. ಅವಳು ಅಳಲಿಲ್ಲ, ಕೂಗಲಿಲ್ಲ. "ನೀ ಇಡಿಸಿದ್ರ ಇಟ್ಕೋತೀನಿ. ಇಲ್ಲಂದ್ರ ಬರಿಗೈಲೆ ಕೂಡ್ತೀನಿ," ಎಂದು ಹೇಳಿ ಒಳಗೆ ಹೋದಳು. ಬಳೆಗಾರನ ಮಗಳು ಕುಬಸದ ಮಣೆಯ ಮೇಲೆ ಬರಿಗೈಯಲ್ಲಿ ಕೂರುವುದೆಂದರೇನು ಎಂಬುದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಗ ಎದ್ದನಯ್ಯಾ ಗುರುಶಿದ್ದಪ್ಪ. "ಎಲವೋ ಅಸುರಾಧಮನೇ, ಪುತ್ರೀಕಂಕಣಧಾರಣಮಹೋತ್ಸವವಿಘ್ನಕಾರಕನೇ, ನರನಾಡಿಗಳ ಯಾವ ಗುಹೆಯಲ್ಲಿ ಅಡಗಿದ್ದರೂ ನಿನ್ನನ್ನು ಎಳೆದು ತರುವೆನು, ನಿನ್ನ ಹೆಸರನ್ನು ಹುಬ್ಬಳ್ಳಿಯ ವೈದ್ಯರ ಬಾಯಿಂದಲೇ ಹೇಳಿಸುವೆನು, ಅಲ್ಲಿಯವರೆಗೆ ಈ ಬೆರಳಿಗೆ ವಿಶ್ರಾಂತಿಯಿಲ್ಲ, ಈ ಎದೆಗೆ ನಿದ್ರೆಯಿಲ್ಲ," ಎಂದು ದಿಕ್ಕುಗಳು ನಡುಗುವಂತೆ ಗರ್ಜಿಸಿದನು. ಹೀಗೆಂದು ನಾನು ಬರೆಯುತ್ತಿದ್ದೇನೆ. ಆತ ನಿಜವಾಗಿ ಅಂದದ್ದು, "ಶಂಕ್ರಿ, ಒಮ್ಮೆ ತೋರ್ಸಿ ಬರೂಣು, ಯಾಕೋ ಅಂಜಿಕಿ ಬರಾಕತ್ತದ," ಎಂದು. ಕವಿಗಳು ಇಂಥ ಮಾತನ್ನು ಕಾವ್ಯಕ್ಕೆ ಸೇರಿಸುವುದಿಲ್ಲ, ಆದರೆ ಆ ದಿನ ಆತ ಆಡಿದ್ದರಲ್ಲಿ ವೀರವಾಕ್ಯವೆಂದರೆ ಅದೊಂದೇ.

ಮೊದಲ ಯುದ್ಧ ಗದಗಿನಲ್ಲೇ ನಡೆಯಿತು. ಅಲ್ಲಿಯ ವೈದ್ಯಚಕ್ರವರ್ತಿಯು ತಲೆಯೆತ್ತದೆ ಕೇಳಿ, ತಲೆಯೆತ್ತದೆ ಬರೆದು, ಇದು ಟೆನ್ಷನ್ ಎಂದು ಅಪ್ಪಣೆ ಕೊಡಿಸಿದನು. ಆತ ಕೊಟ್ಟ ಕೆಂಪು ಗುಳಿಗೆಯಿಂದ ಮೂತ್ರದ ಬಣ್ಣ ಬದಲಾಯಿತೇ ಹೊರತು ಬೆರಳು ಬದಲಾಗಲಿಲ್ಲ. ಆದರೆ ಆ ಬಣ್ಣವನ್ನೂ ಮೊಬೈಲಿನಲ್ಲಿ ಹುಡುಕಿದ್ದರಿಂದ ವೀರನಿಗೆ ಇನ್ನೆರಡು ರೋಗಗಳು ಲಾಭವಾದವು. ಎರಡನೆಯ ಯುದ್ಧ ಹುಬ್ಬಳ್ಳಿಯ ಅರಮನೆಯಂಥ ಆಸ್ಪತ್ರೆಯೊಂದರಲ್ಲಿ. ಅಲ್ಲಿ ಆತನನ್ನು ಅಂಗಾತ ಮಲಗಿಸಿ, ಉಡಿದಾರದ ಬೆಳ್ಳಿಯನ್ನೂ ಬಿಚ್ಚಿಸಿ, ಎಮ್‌ಆರ್‌ಐ ಎಂಬ ಪಾತಾಳಬಿಲದೊಳಗೆ ತಳ್ಳಿದರು. ನೂರು ಕಮ್ಮಾರರು ಒಟ್ಟಿಗೆ ಬಡಿದಂತೆ ಗುಹೆ ಬಡಿಯತೊಡಗಿತು. ಅಲ್ಲಾಡಿದರೆ ಮತ್ತೆ ಮೊದಲಿಂದ ಎಂದು ಹೇಳಿದ್ದರಿಂದ ವೀರನು ದೇವರನ್ನೂ ಅಲ್ಲಾಡದೆ ನೆನೆದನು. ಕಣ್ಣು ಮುಚ್ಚಿದಾಗ ಕಂಡದ್ದು ಅಸುರನಲ್ಲ. ಮಣೆಯ ಮೇಲೆ ಬರಿಗೈಯಲ್ಲಿ ಕುಳಿತ ದಾಕ್ಷಾಯಣಿ. ಕಣ್ಣಂಚಿನಿಂದ ಇಳಿದ ನೀರು ಕಿವಿಯೊಳಗೆ ಹೋಯಿತು, ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

ವರದಿ ಬಂತು. ತಲೆಯಲ್ಲಿ ಏನೂ ಇಲ್ಲ, ಕುತ್ತಿಗೆಯಲ್ಲಿಯೂ ಏನೂ ಇಲ್ಲ. ತಲೆಯಲ್ಲಿ ಏನೂ ಇಲ್ಲವೆಂಬುದಕ್ಕೆ ಇಷ್ಟು ದೊಡ್ಡ ಯಂತ್ರ ಬೇಕಿತ್ತೇ, ನನ್ನನ್ನು ಕೇಳಿದ್ದರೆ ಹೇಳುತ್ತಿರಲಿಲ್ಲವೇ ಎಂದು ಶಂಕ್ರವ್ವ ಗೊಣಗಿದಳು. ಬೇರೆಯವನಾಗಿದ್ದರೆ ತೆಂಗಿನಕಾಯಿ ಒಡೆಯುತ್ತಿದ್ದನು. ಆದರೆ ನಮ್ಮ ವೀರನಿಗೆ ಇದು ಸೋಲಾಗಿ ಕಂಡಿತು. ಹೆಸರಿದ್ದ ರೋಗವಾದರೆ ಎದುರು ನಿಂತು ಬೈಯಬಹುದು. ಏನೂ ಇಲ್ಲವೆಂಬುದರ ಜೊತೆ ಹೇಗೆ ಹೊಡೆದಾಡುವುದು? ಬೆರಳಿನಲ್ಲಿ ಜೋಮು ಇದೆ, ಕಾಗದದಲ್ಲಿ ಇಲ್ಲ. ಹಾಗಾದರೆ ತನಗೆ ಹುಚ್ಚೇ ಹಿಡಿದಿರಬೇಕೆಂದು ಆತ ಹೊಸದಾಗಿ ಹೆದರಿದನು.

ಕೊನೆಯ ಯುದ್ಧಕ್ಕೆ ಶಂಕ್ರವ್ವನೇ ಸಾರಥಿಯಾದಳು. ನರರೋಗತಜ್ಞೆ ಡಾಕ್ಟರ್ ಮಾಲಿನಿ ಕೆರೂರ ಅವರ ಕೋಣೆಯಲ್ಲಿ ಕಾಲಿಡುತ್ತಲೇ ಗುರುಶಿದ್ದಪ್ಪನ ಕಣ್ಣು ಆಕೆಯ ಮುಂಗೈಗೆ ಹೋಯಿತು. ಸಣ್ಣ ಅಳತೆ, ಮೆತ್ತನೆಯ ಗೆಣ್ಣು, ಒಂದೂ ಬಳೆಯಿಲ್ಲ. ಇಂಥ ಒಳ್ಳೆಯ ಕೈಯನ್ನು ಹಾಳು ಬಿಟ್ಟವಳು ನನ್ನ ಕೈಯನ್ನು ಏನು ನೋಡಿಯಾಳು ಎಂದುಕೊಂಡನು. ಆಕೆ ಮಾತ್ರ ಕುರ್ಚಿ ಹತ್ತಿರ ಎಳೆದುಕೊಂಡು ಆತನ ರಣಕಥೆಯನ್ನು ಮೊದಲಿಂದ ಕೇಳಿದಳು. ನಾಲಿಗೆಯ ಪ್ರಸಂಗವನ್ನು ಕೂಡ ನಗದೆ ಕೇಳಿದಳು. ಆಮೇಲೆ ತನ್ನ ಕೈಯನ್ನೇ ಮುಂದೆ ಚಾಚಿದಳು.

"ನನಗ ಬಳಿ ಇಡಸ್ರಿ, ನೋಡೋಣ."

ಬಳೆ ಇರಲಿಲ್ಲ, ಆದರೂ ಕೈ ಬಂದರೆ ಬಿಡುವ ಜಾತಿಯವನಲ್ಲ ಆತ. ಎಡಮೊಳಕೈಯನ್ನು ಆಕೆಯ ಮೇಜಿನ ಗಾಜಿನ ಅಂಚಿಗೆ ಊರಿ, ಆಕೆಯ ಗೆಣ್ಣು ಮಡಿಸಿ, ಇಲ್ಲದ ಬಳೆಯನ್ನು ಏರಿಸತೊಡಗಿದನು. ಆ ಹೊತ್ತಿಗೆ ಶಂಕ್ರವ್ವ ಅಭ್ಯಾಸಬಲದಿಂದ ಬಾಯಿ ತೆರೆದಳು: "ಮೊಳಕೈ ತಗೀರಿ, ಡಾಕ್ಟರ್ ಬಾಯಾರ್ ಗಾಜ್ ಒಡದೀತು."

"ಬ್ಯಾಡ, ಹಂಗ ಇರ್ರಿ," ಎಂದಳು ಡಾಕ್ಟರು. ಊರಿದ ಮೊಳಕೈಯ ಒಳಮಗ್ಗುಲಲ್ಲಿ ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಮಿಂಚು ಹರಿದಂತೆ ಕಿರುಬೆರಳಿನ ತುದಿಯವರೆಗೆ ಝುಮ್ಮೆಂದಿತು. ಅಸುರನು ಕೂಗಿಕೊಂಡದ್ದು ಅಲ್ಲಿಂದ.

ಆ ಎರಡು ಬೆರಳುಗಳಿಗೆ ಹೋಗುವ ನರ ಮೊಳಕೈಯ ಹಿಂದೆ ಚರ್ಮದ ಕೆಳಗೇ ಹಾದುಹೋಗುತ್ತದೆಂದೂ, ಬಳೆ ಇಡಿಸುವಾಗ ವರ್ಷಗಟ್ಟಲೆ ಅಂಗಡಿಯ ಗಾಜಿನ ಅಂಚು ಅದನ್ನು ಒತ್ತಿದೆಯೆಂದೂ, ಈಚೆಗೆ ಕೈ ಮಡಿಸಿ ಮೊಬೈಲ್ ಹಿಡಿದು ಗಂಟೆಗಟ್ಟಲೆ ಕುಳಿತದ್ದರಿಂದ ಉಲ್ಬಣಿಸಿದೆಯೆಂದೂ ಆಕೆ ತಿಳಿಸಿದಳು. ರೋಗವನ್ನು ಹುಡುಕುತ್ತ ಕುಳಿತ ಭಂಗಿಯೇ ರೋಗವನ್ನು ಸಾಕಿತ್ತು. ಖಾತ್ರಿಗೆಂದು ನರಕ್ಕೆ ಕರೆಂಟ್ ಕೊಟ್ಟು ನೋಡಿದಾಗಲೂ ಅದೇ ಬಂತು. ಮೊಳಕೈ ಊರಬಾರದು, ಊರಿದರೆ ಕೆಳಗೆ ಮೆತ್ತಗಿನದು ಇರಬೇಕು. ಗುಣವಾಗಲು ತಿಂಗಳುಗಳು ಬೇಕು. ಎದೆಯ ಡವಗುಟ್ಟುವಿಕೆಗೂ ಔಷಧಿಯಿದೆ, ಮಾತಾಡಲು ಜನರೂ ಇದ್ದಾರೆ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ ಎಂದೂ ಹೇಳಿ ಮತ್ತೆ ಬರಲು ಹೇಳಿದಳು. ಗುರುಶಿದ್ದಪ್ಪ ತನ್ನ ಮೊಳಕೈಯನ್ನು ತಿರುವಿ ನೋಡಿಕೊಂಡು, ಇಷ್ಟೇ ಏನ್ರಿ ಎಂದು ಕೇಳಿದನು. ಆ ದನಿಯಲ್ಲಿ ಬದುಕಿದ ಸಂತೋಷವೂ ಇತ್ತು, ಚೂರು ಅವಮಾನವೂ ಇತ್ತು.

ಕುಬಸದ ದಿನ ಬಂದಾಗ ಬೆರಳು ಇನ್ನೂ ಪೂರ್ತಿ ಮರಳಿರಲಿಲ್ಲ. ಮಣೆಯ ಮುಂದೆ ಬಳೆಪೆಟ್ಟಿಗೆ ಇಟ್ಟರು. ಮೂರು ಲೋಕಗಳಲ್ಲಿ ಹುಡುಕಿದ ದಿವ್ಯಾಸ್ತ್ರವನ್ನು ಶಂಕ್ರವ್ವ ಅಡುಗೆಮನೆಯಿಂದ ತಂದಳು: ಕೊಡದ ಕೆಳಗಿಡುವ ಹಳೆಯ ಸೀರೆಯ ಸಿಂಬಿ. ಅದನ್ನು ಗಂಡನ ಮೊಳಕೈಯ ಕೆಳಗೆ ತುರುಕಿ, ಒಲೆಯ ಮೇಲಿನ ಹುಗ್ಗಿ ನೋಡಲು ಹೋದಳು.

ವೀರನು ಮಗಳ ಕೈ ಹಿಡಿದನು. ಮೊದಲ ಬಳೆ ಗೆಣ್ಣಿನವರೆಗೆ ಹೋಗಿ ಪಟ್ಟೆಂದಿತು. ಕೂಡಿದ ಹೆಂಗಸರೆಲ್ಲ ಮಣೆಯತ್ತ ಬಗ್ಗಿದರು. ಗುರುಶಿದ್ದಪ್ಪನ ಎದೆ ಹಳೆಯ ರಾಗ ಶುರುಮಾಡಿತು, ಬೆರಳುಗಳು ಮಗಳ ಕೈಯನ್ನು ಕಲ್ಲಿನಂತೆ ಬಿಗಿಹಿಡಿದವು. ಆತ ನಿಜವಾಗಿ ಹೆದರಿದ್ದನು. ನನಗೂ ಆ ಕ್ಷಣ ಅಣಕವಾಡುವ ಮನಸ್ಸಾಗಲಿಲ್ಲ.

ದಾಕ್ಷಾಯಣಿ ಮುಖವನ್ನು ತಂದೆಯ ಹತ್ತಿರ ತಂದಳು. "ಅಪ್ಪಾ, ಕೈ ಸಡ್ಲ ಬಿಡು," ಎಂದಳು. "ಬಿಗಿ ಹಿಡದ್ರ ಬಳಿ ಒಡೀತದ."

ಆತ ಮಗಳನ್ನು ನೋಡಿದನು. ಉಸಿರು ಬಿಟ್ಟನು. ಹಿಡಿತ ಸಡಿಲಾಯಿತು. ಎರಡನೆಯ ಬಳೆ ಏರಿತು, ಮೂರನೆಯದು ಏರಿತು, ಎರಡೂ ಮುಂಗೈಗಳು ಹಸಿರಾದವು. ಮಗಳು ಬಗ್ಗಲಾರದೆ ಬಗ್ಗಿ ಬಳೆಗಾರನಿಗೆ ನಮಸ್ಕಾರ ಮಾಡಿದಳು.

ಈ ಕಥೆಯನ್ನು ಕೇಳಿದವರಿಗೆ ಸ್ವರ್ಗ ಸಿಗುತ್ತದೆಂದು ನಾನು ಹೇಳಲಾರೆ. ಓದುವಾಗ ಮೇಜಿಗೆ ಊರಿದ ಮೊಳಕೈಯನ್ನು ತೆಗೆದರೆ ಅಷ್ಟೇ ಫಲ. ವಿಜಯೋನ್ಮತ್ತನಾದ ಗುರುಶಿದ್ದಪ್ಪನಂತೂ ಸಿಂಬಿಯ ಮೇಲೆ ಭದ್ರವಾಗಿ ಮೊಳಕೈ ಊರಿ, ಕೂಡಿದವರಿಗೆ ಪಾತಾಳಬಿಲದ ವೃತ್ತಾಂತವನ್ನು ಆರಂಭಿಸಿದನು. ನೂರು ಕಮ್ಮಾರರ ಹತ್ತಿರ ಬರುವಷ್ಟರಲ್ಲಿ ಶಂಕ್ರವ್ವ ಹಿಂದಿನಿಂದ ಬಂದಳು.

"ಆ ಸಿಂಬಿ ಇತ್ತ ಕೊಡ್ರಿ, ಹುಗ್ಗಿ ಪಾತೇಲಿ ಇಳಸ್ಬೇಕು," ಎಂದು ಅದನ್ನು ಎಳೆದುಕೊಂಡು ಹೋದಳು.

ಮೊಳಕೈ ಠಣ್ಣನೆ ಪೆಟ್ಟಿಗೆಗೆ ಬಡಿಯಿತು. ಕಿರುಬೆರಳು ಝುಮ್ಮೆಂದಿತು. ವೀರನ ಬಲಗೈ ಜೇಬಿನ ಮೊಬೈಲಿನವರೆಗೆ ಹೋಗಿ, ಸ್ವಲ್ಪ ನಿಂತು, ಮೊಳಕೈ ಉಜ್ಜಿಕೊಳ್ಳಲು ಹಿಂದಿರುಗಿತು. ಆತ ಕಥೆಯನ್ನು ಅಲ್ಲಿಗೇ ಬಿಟ್ಟು, ಹುಗ್ಗಿಗೆ ತುಪ್ಪ ಇದೆಯೇ ಎಂದು ಕೇಳಿದನು.