ಮೊಸರು ಒಡೆಯದ ಗಾಡಿ

ನಮ್ಮ ಅತ್ತೆಗೆ ನಡೆಯಲು ಬರುವುದಿಲ್ಲ. ಅಯ್ಯೋ ಪಾಪ ಎಂದು ಮರುಗಬೇಡಿ! ಕಾಲು ಎರಡೂ ಗಟ್ಟಿಯಾಗಿವೆ. ಆಕೆ ಬರೀ ಓಡುತ್ತಾಳೆ, ಅಷ್ಟೇ. ಕೊತ್ತಂಬರಿ ತರಲು ಓಡುತ್ತಾಳೆ, ತಂದದ್ದು ಬಾಡಿದೆ ಎಂದು ಬದಲಿಸಿಕೊಳ್ಳಲು ಮತ್ತೆ ಓಡುತ್ತಾಳೆ. ಸಗರ ಎಂಬ ಊರಿನಲ್ಲಿ ನೆಂಟರ ಮದುವೆಗೆ ಹೋದಾಗ ಅತ್ತೆ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಮದುಮಕ್ಕಳಿಗೆ ಇನ್ನೂ ಅಕ್ಷತೆ ಬಿದ್ದಿರಲಿಲ್ಲ.

ಇದೆಲ್ಲ ಚಿಲ್ಲರೆ ಓಟ. ನಿಜವಾದ ಓಟ ಬೆಳಿಗ್ಗೆ ಆರಕ್ಕೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕ್ಯಾನ್ವಾಸ್ ಬೂಟು ಹಾಕಿ, ಹುಣಸಗಿಯ ಹೊರಗಿನ ಕಾಲುವೆ ದಂಡೆ ಹಿಡಿದು ತೂಬಿನ ತನಕ ಹೋಗಿ ಬರುತ್ತಾಳೆ. ವಯಸ್ಸು ಐವತ್ತೆರಡು. "ಯಾಕ ಓಡತೀ ಅತ್ತಿ?" ಎಂದು ಒಮ್ಮೆ ಕೇಳಿದ್ದೆ.

"ಕಾಲುವ್ಯಾಗಿನ ನೀರು ಯಾಕ ಓಡತದ, ಕೇಳೀಯೇನು?" ಎಂದಳು. ಕೇಳಿರಲಿಲ್ಲ.

ನಾನು ಇಲ್ಲಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅತ್ತೆ ಎಂದರೆ ಅಪ್ಪನ ತಂಗಿ; ಆಕೆಯ ಮನೆಯಲ್ಲೇ ಇರುತ್ತೇನೆ. ದಿನಚರಿ ಬರೆಯುವ ಅಭ್ಯಾಸವಿದೆ. ಯಾವ ವಾರ ನಲ್ಲಿ ಬಂತು, ಎಷ್ಟು ರೊಟ್ಟಿ ತಿಂದೆ, ಬಸ್ಸು ಎಷ್ಟು ನಿಮಿಷ ತಡ, ಎಲ್ಲವೂ ಅದರಲ್ಲಿ ಸಿಗುತ್ತದೆ. ಇದನ್ನು ಮನೆಯವರು ರೋಗ ಎನ್ನುತ್ತಾರೆ. ನಾನು ಶಿಸ್ತು ಎನ್ನುತ್ತೇನೆ. ಹೀಗಾಗಿ ಮುಂದೆ ಹೇಳುವುದರಲ್ಲಿ ಉತ್ಪ್ರೇಕ್ಷೆ ಕಂಡರೆ ಅದು ಅತ್ತೆಯದು, ನನ್ನದಲ್ಲ.

ಸಮಸ್ಯೆ ಹುಟ್ಟಿದ್ದು ಅತ್ತೆಯ ಮಗಳಿಗೆ ಮಗಳು ಹುಟ್ಟಿದಾಗ. ಅತ್ತೆಯ ಮಗಳು ಎಂದರೆ ನನಗೆ ಅಕ್ಕ. ಸುರಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಬಾಣಂತನಕ್ಕೆ ಬಂದವಳ ರಜೆ ಮುಗಿಯುತ್ತ ಬಂದಿತ್ತು. ಭಾವನ ನೌಕರಿ ರಾಯಚೂರಿನಲ್ಲಿ, ಆತ ಭಾನುವಾರದ ಅತಿಥಿ. ಅಕ್ಕ ಇಲ್ಲಿಂದಲೇ ದಿನಾ ಹೋಗಿಬರಬೇಕೆಂದರೆ ಆರೂಕಾಲರ ಬಸ್ಸು ಹಿಡಿಯಬೇಕು. ಅತ್ತೆಯ ಓಟ ಆರಕ್ಕೆ. ಕೂಸು ಯಾರ ಬಳಿ?

ಮಾವ ಇದ್ದಾರಲ್ಲ ಎನ್ನುತ್ತೀರಿ. ಇದ್ದಾರೆ. ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಹೊತ್ತಿಗೆ ಬರವಿಲ್ಲ. ಆದರೆ ಮುಖದ ಮೇಲೆ ಮೀಸೆ ಇದೆ. ಮಾವ ಕೂಸನ್ನು ಎತ್ತಿಕೊಂಡದ್ದು ಒಂಬತ್ತು ಸಲ, ಕೂಸು ಕಿರುಚಿ ಅತ್ತದ್ದು ಒಂಬತ್ತು ಸಲ. ನನ್ನ ಕೈಯಲ್ಲಿ ಅದು ಸುಮ್ಮನಿದ್ದದ್ದು ಹೆಚ್ಚೆಂದರೆ ಹನ್ನೊಂದು ನಿಮಿಷ, ಅದೂ ನನ್ನ ಪೆನ್ನು ಬಾಯಲ್ಲಿದ್ದಾಗ. ಆ ಕೂಸಿಗೆ ಬೇಕಾದವರು ಇಬ್ಬರೇ: ತಾಯಿ, ಇಲ್ಲವೇ ಅಜ್ಜಿ.

"ನಾ ನೌಕರಿ ಬಿಟ್ಟಬಿಡತೀನವ್ವಾ," ಎಂದಳು ಅಕ್ಕ.

"ನೀ ನೌಕರಿ ಬಿಟ್ಟೀಂದ್ರ ನಾ ಮನೀ ಬಿಟ್ಟು ಹೋಗತೀನಿ, ನೋಡು!"

"ಓಡಿ ಹೋಗೂದು ನಿನಗೇನು ಹೊಸಾದಲ್ಲ ಬಿಡು," ಎಂದರು ಮಾವ, ಪೇಪರಿನ ಹಿಂದಿನಿಂದ.

"ಹಂಗಾದ್ರ ಓಟಾನರ ಬಿಡು," ಅಕ್ಕ ದನಿ ತಗ್ಗಿಸಿ ಕೇಳಿದಳು.

"ಯಾಕ ಬಿಡಲಿ? ನಿನ್ನ ನೌಕರೀನೂ ಇರಲಿ, ನನ್ನ ಓಟಾನೂ ಇರಲಿ. ಕೂಸಿನ್ನ ಕರಕೊಂಡೇ ಓಡತೀನಿ. ಗಾಡಿ ತರೂಣು!"

ಅಕ್ಕ ನರ್ಸ್ ಅಲ್ಲವೇ, ಷರತ್ತು ಹಾಕಿದಳು. ಎಂಟು ತಿಂಗಳು ತುಂಬಬೇಕು, ಕೂಸಿನ ಕುತ್ತಿಗೆ ಗಟ್ಟಿಯಾಗಿರಬೇಕು, ಡಾಕ್ಟರು ಹೂಂ ಅನ್ನಬೇಕು, ಗಾಡಿಯನ್ನು ತಾನು ಒಪ್ಪಬೇಕು. ಮೊದಲ ಮೂರು ತಾನಾಗಿ ಆದವು. ನಾಲ್ಕನೆಯದಕ್ಕೆ ನಾವು ಮೂರು ಊರು ಸುತ್ತಬೇಕಾಯಿತು.

ಮೊದಲು ಸುರಪುರ. ನಾನು ಫೋನಿನಲ್ಲಿ ಎಲ್ಲ ಓದಿಕೊಂಡು, ಗೆರೆ ಹಾಕಿ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಓಡಲು ಯೋಗ್ಯವಾದ ಕೂಸಿನ ಗಾಡಿಗೆ ಜಾಗರ್ ಎನ್ನುತ್ತಾರೆಂದು ಅಂಗಡಿಕಾರನಿಗೆ ತಿಳಿಸಿದೆ.

"ಜಾಗರಣಿ ಗಾಡಿ? ಶಿವರಾತ್ರಿಗಿ ಇನ್ನಾ ಟೈಮ್ ಅದಲ್ರಿ ಅಕ್ಕಾರ!"

"ಜಾಗರಣಿ ಅಲ್ರಿ, ಜಾಗಿಂಗ್. ಓಡೂದು."

"ಯಾರು ಓಡೂದು, ಕೂಸಾ?"

"ನಾ!" ಎಂದಳು ಅತ್ತೆ.

ಆತ ಅತ್ತೆಯನ್ನು ಕುಂಕುಮದಿಂದ ಕ್ಯಾನ್ವಾಸ್ ಬೂಟಿನ ತನಕ ಒಮ್ಮೆ ನೋಡಿದ. ಪುಟ್ಟ ಗಾಲಿಗಳ ಒಂದು ಗಾಡಿ ತೋರಿಸಿದ. ಕಣ್ಣಲ್ಲಿ ನೋಡಿ ಖರೀದಿಸುವುದು ಸಾಮಾನ್ಯರ ಪದ್ಧತಿ. ಅತ್ತೆ ಹಿಡಿಕೆ ಹಿಡಿದವಳೇ ಅಂಗಡಿಯ ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆ ಓಡಿದಳು! "ಏ ಅಕ್ಕಾರ! ನಿಲ್ರೀ ಅಕ್ಕಾರ!" ಎನ್ನುತ್ತ ಅಂಗಡಿಕಾರ ಹಿಂದೆ ಓಡಿದ. ಚೌಕದಲ್ಲಿದ್ದವರೆಲ್ಲ ಕಳ್ಳಿ ಯಾರು, ಸಾಹುಕಾರ ಯಾರು ಎಂದು ತಿಳಿಯದೆ ಇಬ್ಬರಿಗೂ ದಾರಿ ಬಿಟ್ಟರು. ನನ್ನ ದಾಖಲೆಯ ಪ್ರಕಾರ ಅತ್ತೆ ಹೋಗಿಬಂದದ್ದು ಮೂರು ನಿಮಿಷ ಹತ್ತು ಸೆಕೆಂಡಿನಲ್ಲಿ. ಅಂಗಡಿಕಾರ ಹೋದದ್ದು ಓಡುತ್ತ, ಬಂದದ್ದು ಆಟೋದಲ್ಲಿ.

"ಎರಡು ದಿನ ಮನೀಗಿ ಒಯ್ದು ನೋಡತೀವ್ರಿ," ಎಂದಳು ಅತ್ತೆ. ಆತ ಕೂಡಲೇ ಒಪ್ಪಿದ. ಬೇಡ ಎಂದರೆ ಮತ್ತೆ ಓಡಬೇಕಾದೀತೆಂಬ ಹೆದರಿಕೆ ಇದ್ದಿರಬೇಕು.

ಗಾಡಿ ಪರೀಕ್ಷಿಸಲು ನನ್ನ ಪಟ್ಟಿಯಲ್ಲಿ ಹದಿನಾಲ್ಕು ಅಂಶಗಳಿದ್ದವು. ಅತ್ತೆ ಅದರತ್ತ ಕಣ್ಣೂ ಹಾಯಿಸಲಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಬೆಳಿಗ್ಗೆ ಗಟ್ಟಿಯಾಗಿ ಕೂತ ಮೊಸರಿನ ಬೋಗುಣಿಯನ್ನು ಗಾಡಿಯಲ್ಲಿ ಇಟ್ಟು, ಬೆಲ್ಟು ಬಿಗಿದಳು. "ಹೊಸಾ ಮೊಸರು ಒಂಚೂರು ಕುಲುಕಿದ್ರೂ ಒಡೀತದ, ನೀರು ಬಿಡತದ. ಇದು ಒಡೀಲಿಲ್ಲಂದ್ರ ಕೂಸಿಗಿ ಏನೂ ಆಗೂದಿಲ್ಲ. ಬರಕೋ."

ಬರೆದುಕೊಂಡೆ. ಬೇರೆ ದೇಶಗಳಲ್ಲಿ ಇದಕ್ಕೆ ಯಂತ್ರಗಳಿವೆಯಂತೆ. ನಮ್ಮಲ್ಲಿ ಎಮ್ಮೆ ಇದೆ.

ಗರಸುಕಲ್ಲಿನ ದಂಡೆಯ ಮೇಲೆ ಆ ಪುಟ್ಟ ಗಾಲಿಗಳು ಪ್ರತಿ ಕಲ್ಲಿಗೂ ನಮಸ್ಕಾರ ಮಾಡುತ್ತ ಓಡಿದವು. ಮುಂದಿನ ಗಾಲಿಗಳಂತೂ ಗಡಗಡ ನಡುಗಿದವು. ಮರಳಿ ಬಂದು ಬೋಗುಣಿಯ ಮುಚ್ಚಳ ತೆಗೆದರೆ ಮೊಸರು ಎಲ್ಲಿದೆ? ಮಾವ ಒಂದು ಲೋಟ ಬಗ್ಗಿಸಿಕೊಂಡು ಕುಡಿದು ಮೀಸೆ ಒರೆಸಿದರು.

"ಮಜ್ಜಿಗಿ ಚಲೋ ಆಗ್ಯಾದ. ಇದನ್ನ ಇಟ್ಕೋರಿ, ಕಡಗೋಲಿನ ಕೆಲಸ ಉಳೀತು."

ಎರಡನೆಯ ಗಾಡಿ ಶಹಾಪುರದ್ದು. ಅಗಲವಾದ ನಾಲ್ಕು ಗಾಲಿ, ಅಡಿಯಲ್ಲಿ ಸ್ಪ್ರಿಂಗು, ಮೇಲೆ ಜಾಲರಿಯ ಕೊಡೆ. ಗುಂಡಿ ಒತ್ತಿದರೆ ಸಂಗೀತ ಬೇರೆ! ಕೂಸನ್ನು ಆಡಿಸಲೋ ಮದುವೆ ಮೆರವಣಿಗೆಗೋ ಎಂಬುದು ನಿರ್ಧಾರವಾಗದ ಗಾಡಿ.

"ಕೈಯಾಗ ಹಿಡಿಯೂ ಬ್ರೇಕ್ ಎಲ್ಲಿ ಅದ?" ಎಂದು ಅತ್ತೆ ಮಾರುವವನನ್ನು ಕೇಳಿದಳು.

"ಕಾಲಿಲೆ ಒತ್ತೂದು ಅದ ನೋಡ್ರಿ, ನಿಂತಾಗ."

"ನಿಂತಾಗ ಬ್ರೇಕ್ ತೊಗೊಂಡು ಏನು ಮಾಡ್ಲೋ ಯಪ್ಪಾ? ಓಡೂವಾಗ ಬೇಕು."

"ಓಡಬೇಕು ಅನ್ನೋರು ಬ್ರೇಕ್ ಯಾಕ ಹಾಕತಾರ್ರಿ?"

ಇಂಥ ತತ್ವಜ್ಞಾನಿಗಳು ಅಂಗಡಿಯಲ್ಲಿ ನಿಂತು ಗಾಡಿ ಮಾರುವುದು ನಾಡಿನ ದುರದೃಷ್ಟ! ಅತ್ತೆ ಅದನ್ನೂ ಪರೀಕ್ಷೆಗೆಂದು ತಂದಳು.

ಬುಧವಾರ ಬೆಳಿಗ್ಗೆ. ಅಕ್ಕ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ದಂಡೆಗೆ ಬಂದಿದ್ದಳು. ಅತ್ತೆ ತೂಬಿನ ತನಕ ಹೋಗಿ ಬಂದು ಮುಚ್ಚಳ ತೆಗೆದಳು. ಮೊಸರಿನ ಮೇಲೆ ಒಂದು ಬಿರುಕೂ ಇರಲಿಲ್ಲ! "ನೋಡವಾ, ನೋಡು!" ಎಂದು ಅಕ್ಕನಿಗೆ ತೋರಿಸಿ, ಗೆದ್ದ ಸಂಭ್ರಮದಲ್ಲಿ ಬಿಚ್ಚಿದ ಲೇಸು ಕಟ್ಟಿಕೊಳ್ಳಲು ಬಗ್ಗಿದಳು. ಹಿಡಿಕೆ ಕೈಜಾರಿತು. ಪಕ್ಕದಲ್ಲೇ ಬಟ್ಟೆ ಒಗೆಯುವವರು ಇಳಿಯುವ ಇಳಿಜಾರು. ಗಾಡಿ ಕೊಡೆ ಅಲ್ಲಾಡಿಸುತ್ತ, ಯಾವ ಗುಂಡಿ ಒತ್ತಿತೋ ಏನೋ, ಸಂಗೀತ ನುಡಿಸುತ್ತ, ನೆಟ್ಟಗೆ ಹೋಗಿ ಕಾಲುವೆಗೆ ಬಿತ್ತು.

ನೀರೆಲ್ಲ ಬೆಳ್ಳಗಾಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು, "ಏನಕ್ಕಾರ, ಕಾಲುವಿಗೇ ಹೆಪ್ಪು ಹಾಕಾಕತ್ತೀರೇನು?" ಎಂದಳು.

ದಂಡೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಕೂಸನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, "ಆ ಬೋಗುಣಿ ಜಾಗಾದಾಗ..." ಎಂದವಳು ಮಾತು ಮುಗಿಸದೆ ಮನೆಗೆ ಹೋದಳು.

ಗಾಡಿಯನ್ನು ಇಬ್ಬರು ಹೆಂಗಸರು ಎಳೆದು ಹಾಕಿದರು. ಮಿಂದು ಬಂದ ಗಾಡಿಯನ್ನು ಅಂಗಡಿಗೆ ಮರಳಿಸಲಾದೀತೇ? ನಾವೇ ಇಟ್ಟುಕೊಳ್ಳಬೇಕಾಯಿತು. ಈಗ ಮಾವ ಅದರಲ್ಲಿ ಉಳ್ಳಾಗಡ್ಡಿ ತುಂಬಿಟ್ಟಿದ್ದಾರೆ. ಒಮ್ಮೊಮ್ಮೆ ಉಳ್ಳಾಗಡ್ಡಿ ತಾನಾಗಿ ಹಾಡುತ್ತದೆ.

ಅಂದು ಸಂಜೆ ಅಕ್ಕ ರಾಜೀನಾಮೆ ಪತ್ರ ಬರೆದಳು. ಕಳಿಸಲಿಲ್ಲ, ಮಡಚಿ ಕನ್ನಡಿಯ ಹಿಂದೆ ಸಿಕ್ಕಿಸಿದಳು. ಅತ್ತೆ ಅದನ್ನು ನೋಡಿದಳು, ಬೇಡ ಎನ್ನುವ ಧೈರ್ಯ ಮಾಡಲಿಲ್ಲ. ಮರುದಿನ ಆರು ಹೊಡೆದರೂ ಬೂಟು ಕಿಟಕಿಯಲ್ಲೇ ಇತ್ತು. ಆಮೇಲೆ ಅತ್ತೆ ಕಿರಾಣಿ ಅಂಗಡಿಗೆ ಹೊರಟಳು. ನಡೆದುಕೊಂಡು! ಓಟ ಸೊನ್ನೆ, ನಡಿಗೆ ಒಂದು ಎಂದು ನಾನು ತಮಾಷೆಯಾಗಿ ಬರೆದೆ. ನಾಲ್ಕನೆಯ ದಿನದಿಂದ ಆ ಲೆಕ್ಕ ಬರೆಯುವುದನ್ನು ಬಿಟ್ಟೆ. ಬರೆಯಲು ಮನಸ್ಸಾಗಲಿಲ್ಲ.

ಹತ್ತನೆಯ ದಿನ ಶಾಲೆಯಿಂದ ಬಂದು ನೋಡಿದರೆ ನನ್ನ ದಿನಚರಿಯಿಂದ ಗಾಡಿಯ ಪಟ್ಟಿಯಿದ್ದ ಹಾಳೆ ಮಾಯ! ಮಾವನೂ ಮಾಯ. ಸಂಜೆಯ ಬಸ್ಸಿನ ಮೇಲಿಂದ ಮಾವ ಒಂದು ಗಾಡಿ ಇಳಿಸಿಕೊಂಡು ಬಂದರು. ಭೀಮರಾಯನಗುಡಿಯ ಕಾಲುವೆ ಆಫೀಸಿನ ಕಾಲೋನಿಯಲ್ಲಿ ಇಂಜಿನಿಯರೊಬ್ಬರಿಗೆ ವರ್ಗವಾಗಿತ್ತಂತೆ. ಅವರ ಮಗು ಬೆಳೆದಿತ್ತು, ಗಾಡಿ ಉಳಿದಿತ್ತು. ಮಾವ ಹಳೆಯ ಪರಿಚಯದ ಮೇಲೆ ಹೋಗಿ, ನನ್ನ ಹಾಳೆ ಕೈಯಲ್ಲಿ ಹಿಡಿದು ಹದಿನಾಲ್ಕೂ ಅಂಶಗಳನ್ನು ಒಂದೊಂದಾಗಿ ತಾಳೆ ನೋಡಿ ತಂದಿದ್ದರು.

"ಹಾಳಿ ಹರದೀರಲ್ಲ ಮಾವ!"

"ಹಾಳಿ ಹೋದ್ರ ಹೋಗಲಿ. ನಿಮ್ಮತ್ತಿ ಮನ್ಯಾಗ ಸಪ್ಪಳಿಲ್ಲದ ಅಡ್ಡಾಡಾಕತ್ತಾಳ. ಎಲ್ಲಿಂದ ಬಂದು ಎದುರಿಗಿ ನಿಲ್ಲತಾಳೋ ತಿಳೀವಲ್ದು ನನಗ."

ಗಾಡಿಗೆ ಮೂರು ಗಾಲಿ. ಮೂರಕ್ಕೂ ಸೈಕಲ್ಲಿನ ಹಾಗೆ ಗಾಳಿ ತುಂಬಿದ ಟಯರು. ಮುಂದಿನ ಗಾಲಿ ಅತ್ತಿತ್ತ ತಿರುಗದಂತೆ ಬಿಗಿಯುವ ಕೀಲು, ಹಿಡಿಕೆಯಲ್ಲೇ ಬ್ರೇಕು, ಓಡುವವರ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ. ಐದು ಬೆಳಗು, ಐದು ಬೋಗುಣಿ. ಐದೂ ಮೊಸರು ಗಟ್ಟಿ. ಆರನೆಯ ದಿನ ಅಕ್ಕ ತಾನೇ ಗಾಡಿಯನ್ನು ಅದೇ ಇಳಿಜಾರಿಗೆ ಒಯ್ದು, ಜೋಳದ ಚೀಲ ಇಟ್ಟು, ಬ್ರೇಕು ಹಾಕಿ ಕೈಬಿಟ್ಟಳು. ಅತ್ತೆ, ಅಕ್ಕ, ನಾನು ಮೂವರೂ ಗಾಡಿಯ ಪಕ್ಕ ನಿಂತೆವು. ನಾಲ್ಕು ನಿಮಿಷ ನೋಡಿದೆವು. ಗಾಡಿ ಒಂದು ಇಂಚೂ ಸರಿಯಲಿಲ್ಲ.

"ಪಟ್ಟಿ ಕೈಯಾಗಿಂದ ತಗೀಬಾರದು," ಎಂದಳು ಅಕ್ಕ.

"ಇಲ್ಲವಾ."

"ಓಡೂವಾಗ ರಸ್ತಾ ಬಿಟ್ಟು ಅತ್ತಾಗಿತ್ತಾಗ ನೋಡಬಾರದು. ಯಾರು ಕರೆದ್ರೂನೂ."

"ನೋಡೂದಿಲ್ಲವಾ. ಖರೇನೂ ನೋಡೂದಿಲ್ಲ."

ಮಗಳು ತಾಯಿಗೆ ಹೀಗೆ ಪಾಠ ಮಾಡುವುದನ್ನೂ, ತಾಯಿ ಎದುರಾಡದೆ ಕೇಳುವುದನ್ನೂ ನಾನು ನೋಡಿದ್ದು ಅದೊಂದೇ ಸಲ. ಕನ್ನಡಿಯ ಹಿಂದಿನ ಪತ್ರವನ್ನು ಅಕ್ಕ ಒಲೆಗೆ ಹಾಕಿದಳು.

ಸೋಮವಾರ ಅಕ್ಕ ಕೆಲಸಕ್ಕೆ ಹೊರಟಳು. ಹೊಸ್ತಿಲು ದಾಟಿದವಳು ಮೂರು ಸಲ ಒಳಗೆ ಬಂದಳು: ಒಮ್ಮೆ ಛತ್ರಿಗೆ, ಒಮ್ಮೆ ನೀರಿನ ಬಾಟಲಿಗೆ, ಮೂರನೆಯ ಸಲ ಯಾವುದಕ್ಕೂ ಅಲ್ಲ. ಕೊನೆಗೆ ಮಾವ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದರು. ಅತ್ತೆ ಕೂಸನ್ನು ಗಾಡಿಯಲ್ಲಿ ಕೂರಿಸಿ ಬೆಲ್ಟು ಬಿಗಿದು, ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಳು. ನಾನು ಗಡಿಯಾರ ಹಿಡಿದು ಸೈಕಲ್ ಹತ್ತಿದೆ. ಮೊದಲ ಓಟದ ದಾಖಲೆ ಬೇಡವೇ?

ದಂಡೆ ಮುಟ್ಟಿದ ಮೇಲೆ ತೂಬಿಗೆ ಹೋಗಲು ಎಡಕ್ಕೆ ತಿರುಗಬೇಕು. ಅತ್ತೆ ಬಲಕ್ಕೆ ತಿರುಗಿದಳು.

"ಅತ್ತಿ, ತೂಬು ಆ ಕಡಿ ಅದ!"

"ಗೊತ್ತದ. ಸುಮ್ಮ ಬಾ."

ಬಲಕ್ಕೆ ಹೋದರೆ ಕಾಲುವೆ ದಂಡೆಯೂ ಸುರಪುರದ ಡಾಂಬರು ರಸ್ತೆಯೂ ಸೇತುವೆಯ ತನಕ ಅಕ್ಕಪಕ್ಕದಲ್ಲೇ ಸಾಗುತ್ತವೆ. ಅತ್ತೆ ಒಂದೇ ಹದದಲ್ಲಿ ಓಡುತ್ತಿದ್ದಳು. ಹಿಂದಿನಿಂದ ಬಸ್ಸಿನ ಸದ್ದು ಕೇಳಿತು. ಬಸ್ಸು ನಮ್ಮ ಸಮಕ್ಕೆ ಬಂದಾಗ ಡ್ರೈವರು ಏನು ಅಂದುಕೊಂಡನೋ, ವೇಗ ಇಳಿಸಿದ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಕೂಗಿದ: "ಅಮ್ಮಾರ, ಹತ್ತತೀರೇನು?"

"ಇಲ್ಲಪ್ಪಾ, ನೀ ನಡಿ!" ಎಂದಳು ಅತ್ತೆ, ರಸ್ತೆಯಿಂದ ಕಣ್ಣು ತೆಗೆಯದೆ. "ಕೂಸಿನ್ನ ತೋರಸಾಕ ಬಂದೀನಿ!"

ನಡುವಿನ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಕೈಗೆ ಅಕ್ಕನ ಬಳೆ. ಅವಳು ಏನೋ ಕೂಗಿದಳು; ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಸೀರೆಯುಟ್ಟ ಅತ್ತೆ, ಮೂರು ಗಾಲಿಯ ಗಾಡಿ, ಪಕ್ಕದಲ್ಲಿ ತಿಣುಕುತ್ತ ಸಾಗುವ ಸರಕಾರಿ ಬಸ್ಸು. ಸೇತುವೆಯ ತನಕ ಹೀಗೇ ಹೋದೆವು. ಅಲ್ಲಿ ಬಸ್ಸು ಕಾಲುವೆ ದಾಟಿ ಆಚೆ ಹೊರಟುಹೋಯಿತು.

ಅತ್ತೆ ನಿಂತಳು. ಬ್ರೇಕು ಹಾಕಿದಳು. ಏದುಸಿರು ಬಿಡುತ್ತಲೇ ಕೇಳಿದಳು: "ಅಳಾಕತ್ತಿದ್ಲೇನ?"

ನಾನು ಗಾಡಿಯೊಳಗೆ ಬಗ್ಗಿ ನೋಡಿದೆ. "ಇಲ್ಲತ್ತಿ. ಆರಾಮ ಬೆರಳು ಚೀಪಾಕತ್ತಾಳ."

"ಈಕಿ ಅಲ್ಲವಾ," ಎಂದಳು ಅತ್ತೆ. "ನನ್ನ ಕೂಸು."

ಬಸ್ಸಿನ ಜೊತೆ ಓಡಿದ್ದು ಎರಡು ನಿಮಿಷ ನಲವತ್ತು ಸೆಕೆಂಡು. ಅದು ನನಗೆ ಸರಿಯಾಗಿ ಗೊತ್ತಿತ್ತು. ಅಕ್ಕನ ಮುಖ ನೋಡಿರಲಿಲ್ಲ.

"ನಾ ಗಡಿಯಾರ ನೋಡಾಕತ್ತಿದ್ದೆ ಅತ್ತಿ," ಎಂದೆ. "ನಾಳಿ ನೋಡಿ ಹೇಳತೀನಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಬಸ್ಸು ಹೋದ ದಾರಿಯನ್ನೇ ನೋಡುತ್ತ, "ನಾಳಿ ಸೇತುವಿ ದಾಟಿ ಮುಂದ ಹೋಗೂಣು," ಎಂದಳು. "ಅಲ್ಲಿ ಹಂಪ್ ಅದ. ಬಸ್ಸು ಇನ್ನಾ ಸಾವಕಾಶ ಆಗತದ."